ಕಾಕಾನ ಟ್ರಂಕಿನ ಜೋಡಿ ಪುಸ್ತಕಗಳು

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನಿಪ್ಪಾಣಿಯಿಂದ ಕಾಕು ಫೋನ್ ಮಾಡಿದಳು. ಮಳೆಗಾಲದಲ್ಲಿ ಹಿಂದಿನ ಪಡಸಾಲೆ ಪೂರಾ ಸೋರಿತ್ತಂತೆ. ಎರಡು ತೊಲೆ ಲಡ್ಡು ಹಿಡಿದಿದ್ದವು, ಗೌಂಡಿ ಬಂದು ನೋಡಿ ತೊಂಬತ್ತು ಸಾವಿರ ಹೇಳಿ ಹೋಗಿದ್ದ. "ನಿಮ್ಮ ಕಾಕಾನ ಟ್ರಂಕ್ ಅದಾವಲ್ಲೋ ತಮ್ಮಾ, ಆ ಚಿತ್ರದ ಪುಸ್ತಕದ್ದು. ಮಾರಿದ್ರ ಎಷ್ಟರೆ ಬರತಾವೇನು ನೋಡು. ನೀ ಇತಿಹಾಸ ಕಲಿಸಿದಾಂವ, ನಿನಗ ಗೊತ್ತಿರತೈತಿ" ಅಂದಳು.

ಚಿಕ್ಕೋಡಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನಿಗೆ ಹಳೆಯ ಕಾಮಿಕ್ಸಿನ ಬೆಲೆ ಗೊತ್ತಿರುತ್ತದೆ ಎಂಬುದು ಕಾಕುವಿನ ಮುಗ್ಧ ನಂಬಿಕೆ. ನನಗೇನೂ ಗೊತ್ತಿರಲಿಲ್ಲ. ಆದರೂ ಮರುವಾರ ಹೋದೆ.

ಕಾಕಾ, ಅಂದರೆ ನನ್ನ ತಂದೆಯ ಕಿರಿಯ ತಮ್ಮ, ರಾಯಬಾಗದ ಕಡೆಯ ನಮ್ಮ ಊರು ಬಿಟ್ಟು 1969ರಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ದಿವಾಣಜಿಯಾಗಿ ಸೇರಿದ. ಲೆಕ್ಕ ಬರೆಯುವುದು ಅವನ ಕಸುಬು, ಹವ್ಯಾಸವೂ ಅದೇ. ಮೂರು ವರ್ಷದ ಹಿಂದೆ ತೀರಿಕೊಂಡ. ಬಿಟ್ಟುಹೋದದ್ದು ಒಂದು ಮನೆ, ಎರಡು ಕಬ್ಬಿಣದ ಟ್ರಂಕು. ಟ್ರಂಕು ತೆರೆದೊಡನೆ ತಂಬಾಕಿನ ಘಾಟು ಮೂಗಿಗೆ ಹೊಡೆಯಿತು. ಹುಳ ಹಿಡಿಯಬಾರದೆಂದು ಪುಸ್ತಕಗಳ ನಡುವೆ ಒಣ ತಂಬಾಕಿನ ಎಲೆ ಇಟ್ಟಿದ್ದ. ಹುಳ ಹಿಡಿದಿರಲಿಲ್ಲ, ಅದು ನಿಜ. ಆದರೆ ನಲವತ್ತು ಪುಸ್ತಕಗಳ ಹೊದಿಕೆಯ ಮೇಲೆ ಎಲೆಯ ಕಂದು ಕಲೆ, ನರನರ ಸಮೇತ, ಅಚ್ಚೊತ್ತಿದಂತೆ ಮೂಡಿತ್ತು.

ಮೂರು ದಿನ ಕೂತು ಎಣಿಸಿದೆ. ಒಟ್ಟು 612. ಕನ್ನಡದವು 241, ಮರಾಠಿಯವು 298, ಇಂಗ್ಲಿಷ್ ಮತ್ತು ಹಿಂದಿ ಸೇರಿ 73. ಅಮರ ಚಿತ್ರ ಕಥೆ, ಇಂದ್ರಜಾಲ ಕಾಮಿಕ್ಸ್, ಚಾಚಾ ಚೌಧರಿ, ಜೊತೆಗೆ ಚಂದಮಾಮ ಮತ್ತು ಅದರ ಮರಾಠಿ ತಂಗಿ ಚಾಂದೋಬಾ. ಚಂದಮಾಮ ಕಾಮಿಕ್ಸ್ ಅಲ್ಲ ಎಂದು ಶುದ್ಧವಾದಿಗಳು ತಕರಾರು ತೆಗೆಯಬಹುದು. ನಮ್ಮ ಕಡೆ ಚಿತ್ರ ಇದ್ದದ್ದೆಲ್ಲ 'ಚಿತ್ರದ ಪುಸ್ತಕ'ವೇ.

ಎರಡನೆಯ ಟ್ರಂಕಿನ ತಳದಲ್ಲಿ ಕೆಂಪು ಬಟ್ಟೆಯ ರಟ್ಟಿನ ಒಂದು ಕಿರ್ದಿ ಪುಸ್ತಕ ಸಿಕ್ಕಿತು. ಪ್ರತಿ ಪುಸ್ತಕಕ್ಕೂ ಒಂದು ಸಾಲು: ತಾರೀಖು, ಹೆಸರು, ಭಾಷೆಗೆ 'ಕ' ಅಥವಾ 'ಮ', ಕೊಂಡ ಜಾಗ, ಕೊಟ್ಟ ಹಣ. ಮೊದಲ ಸಾಲು 1969ರದು, ಕಡೆಯದು 1991ರದು. ಆಮೇಲಿನ ಹಾಳೆಗಳು ಖಾಲಿ.

ಆಸ್ತಿ ಯಾರದು ಎಂಬ ಪ್ರಶ್ನೆ ಸುಲಭದ್ದು. ಉಯಿಲು ಇಲ್ಲದೆ ತೀರಿಕೊಂಡವನ ಸ್ವತ್ತಿನಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಮಗಳು ಕಾಗವಾಡದಲ್ಲಿ ಇದ್ದಾಳೆ, ಮಗ ಪುಣೆಯಲ್ಲಿ. ಬಂದ ಹಣ ಮನೆಯ ಮಾಡಿಗೆ ಎಂದು ಇಬ್ಬರೂ ಒಪ್ಪಿದರು. ಹೇಗೆ ಮಾರುವುದು ಎಂಬಲ್ಲಿ ಮಾತ್ರ ಮೂವರದು ಮೂರು ದಿಕ್ಕಾಯಿತು, ನನ್ನದು ನಾಲ್ಕನೆಯದು.

ಮಗನದು ದೊಡ್ಡ ಆಸೆ. ನವೆಂಬರ್ ತಿಂಗಳಲ್ಲಿ ಅವನೊಂದು ಸುದ್ದಿ ಕಳಿಸಿದ. ಕ್ಯಾಲಿಫೋರ್ನಿಯಾದ ಮೂವರು ಅಣ್ಣತಮ್ಮಂದಿರು ತೀರಿಕೊಂಡ ತಾಯಿಯ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಸೂಪರ್‌ಮ್ಯಾನ್ ಪತ್ರಿಕೆಯ ಮೊದಲ ಸಂಚಿಕೆ ಸಿಕ್ಕಿತಂತೆ, 2025ರ ನವೆಂಬರಿನಲ್ಲಿ ಅದು ಹರಾಜಿನಲ್ಲಿ 91 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತಂತೆ. "ಅಣ್ಣಾ, ನಮ್ದೂ ಅಟ್ಟದಾಗಿಂದನ ಅಲ್ಲೇನು?" ಎಂದು ಕೆಳಗೆ ಬರೆದಿದ್ದ. ತಮಾಷೆಗೇ ಬರೆದಿದ್ದ, ಆದರೆ ಪೂರ್ತಿ ತಮಾಷೆಯಲ್ಲ.

ಇಂಥ ಕಥೆ ಅಮೆರಿಕದಲ್ಲಿ ಹಲವಿವೆ. 1977ರಲ್ಲಿ ಕೊಲರಾಡೊದಲ್ಲಿ ಎಡ್ಗರ್ ಚರ್ಚ್ ಎಂಬ ಜಾಹೀರಾತು ಚಿತ್ರಕಾರನ ಮನೆ ಖಾಲಿ ಮಾಡಲು ಹೊರಟ ಮನೆಯವರಿಗೆ ಅಲ್ಲಿದ್ದ ಕಾಮಿಕ್ಸ್ ರಾಶಿ ಒಂದು ಪೀಡೆಯಾಗಿತ್ತು. ಚಕ್ ರೊಜಾನ್‌ಸ್ಕಿ ಎಂಬ ತರುಣ ವ್ಯಾಪಾರಿ ಅದನ್ನು ಕೊಂಡ. 18,000ಕ್ಕೂ ಹೆಚ್ಚು ಪುಸ್ತಕಗಳು, ಅಂಗಡಿಯಿಂದ ಆಗಷ್ಟೇ ತಂದಷ್ಟು ಹೊಸದಾಗಿ ಉಳಿದಿದ್ದವು. ಆ ಸಂಗ್ರಹದಿಂದ ಬಂದ ಪ್ರತಿಯೆಂದರೆ ಇಂದಿಗೂ ಅದಕ್ಕೊಂದು ಹೆಚ್ಚಿನ ದರ. 2012ರಲ್ಲಿ ಬಿಲ್ಲಿ ರೈಟ್ ಎಂಬಾತ ಹುಡುಗನಾಗಿದ್ದಾಗ ಕೊಂಡಿಟ್ಟ 345 ಕಾಮಿಕ್ಸು ಸುಮಾರು 35 ಲಕ್ಷ ಡಾಲರಿಗೆ ಹೋದವು. ಅವನ್ನು ಹುಡುಕಿ ತೆಗೆದವನು ಸಂಬಂಧದಲ್ಲಿ ಮೊಮ್ಮಗ.

ತಮ್ಮನಿಗೆ ನಾನು ಹೇಳಿದ್ದು ಇಷ್ಟು: ಅಲ್ಲಿ ಬೆಲೆ ಬಂದದ್ದು ಪುಸ್ತಕ ಹಳತು ಅಂತಲ್ಲ, ಉಳಿದವು ಕೆಲವೇ ಅಂತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಮಕ್ಕಳು ಹಳೆಯ ಕಾಗದ ಸಂಗ್ರಹದ ಚಳವಳಿಗೆಂದು ರಾಶಿ ರಾಶಿ ಕಾಮಿಕ್ಸ್ ಕೊಟ್ಟುಬಿಟ್ಟರು. ನಮ್ಮಲ್ಲೂ ಉಳಿದದ್ದು ಕಡಿಮೆಯೇ. ನಮ್ಮವು ರದ್ದಿಗೆ ಹೋಗಿ ಶೇಂಗಾದ ಪೊಟ್ಟಣವಾದವು. ಆದರೆ ಕೊಳ್ಳುವವರು ಅದಕ್ಕಿಂತ ಕಡಿಮೆ.

ಕೊಳ್ಳುವವರು ಯಾರಾದರೂ ಮೊದಲು ಕೇಳುವ ಪ್ರಶ್ನೆಯೊಂದಿದೆ ಎಂದು ನನಗೆ ಆಮೇಲೆ ತಿಳಿಯಿತು. ಬೆಂಗಳೂರಿನ ಒಬ್ಬ ಸಂಗ್ರಾಹಕರು ಫೋನಿನಲ್ಲಿ ನಮಸ್ಕಾರವಾದ ಕೂಡಲೇ ಕೇಳಿದರು: "ಆ ಹತ್ತರಲ್ಲಿ ಯಾವುದಾದರೂ ಇದೆಯೇ ಸಾರ್?"

ಹತ್ತು ಎಂದರೇನು ಎಂದು ನಾನು ಓದಿ ತಿಳಿಯಬೇಕಾಯಿತು. ಓದಿದಾಗ, ಕನ್ನಡಿಗನಾಗಿ ಇಷ್ಟು ದಿನ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಮರ ಚಿತ್ರ ಕಥೆಯ ಬಗ್ಗೆ ಎಲ್ಲರೂ ಹೇಳುವ ಹುಟ್ಟಿನ ಕಥೆ ದಿಲ್ಲಿಯದು. 1967ರಲ್ಲಿ ಅನಂತ ಪೈ ದೂರದರ್ಶನದಲ್ಲಿ ಮಕ್ಕಳ ರಸಪ್ರಶ್ನೆ ನೋಡುತ್ತಾರೆ. ಗ್ರೀಕ್ ಪುರಾಣದ ಪ್ರಶ್ನೆಗೆ ಪಟ್ಟನೆ ಉತ್ತರ ಹೇಳುವ ಮಕ್ಕಳಿಗೆ ರಾಮನ ತಾಯಿ ಯಾರೆಂದು ಗೊತ್ತಿಲ್ಲ. ಅಲ್ಲಿಂದ ಸರಣಿ ಶುರು. ಪೈ ಅವರು ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, 1929ರಲ್ಲಿ, ಅಷ್ಟನ್ನು ಹೇಳಿ ನಾವು ಹೆಮ್ಮೆಪಟ್ಟುಕೊಳ್ಳುತ್ತೇವೆ. ಆದರೆ ಆ ಸರಣಿಯ 'ಕೃಷ್ಣ'ದ ಮೇಲಿನ ಕ್ರಮಾಂಕ ನೋಡಿ, 11. ಮೊದಲ ಪುರಾಣದ ಪುಸ್ತಕಕ್ಕೆ ಹನ್ನೊಂದು ಯಾಕೆ?

ಯಾಕೆಂದರೆ ಅದಕ್ಕೂ ಎರಡು ವರ್ಷ ಮೊದಲು, 1965ರಲ್ಲಿ, ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಹುರುಪಿನಿಂದ ಅಮರ ಚಿತ್ರ ಕಥೆ ಕನ್ನಡದಲ್ಲಿ ಶುರುವಾಗಿತ್ತು. ಮೊದಲ ಹತ್ತರಲ್ಲಿ ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಸಿಂಡರೆಲಾ, ಅಲ್ಲಾದೀನ, ಪಿನೋಕಿಯೊ, ಮೂರು ಹಂದಿಮರಿಗಳು, ಹೀಗೆ ಪರದೇಶದ ಕಥೆಗಳು. ಆ ಕನ್ನಡ ಪುಸ್ತಕಗಳು ಗೆದ್ದ ಮೇಲೆ ಮುಂಬಯಿ ಕಚೇರಿಗೆ ಧೈರ್ಯ ಬಂತು, ಪೈ ಅವರ ಕೈಯಲ್ಲಿ ರಾಮ್ ವಾಯೀರ್ಕರ್ ಅವರ ಚಿತ್ರಗಳೊಡನೆ 'ಕೃಷ್ಣ' ಹೊರಟಿತು. ಮುಂದೆ ಇಡೀ ದೇಶದ ಮಕ್ಕಳು ಓದಿದ ಸರಣಿ ಮೊದಲು ಮಾತಾಡಿದ್ದು ಕನ್ನಡದಲ್ಲಿ. ಪೈ ಅವರ ಕೆಲಸಕ್ಕೆ ಇದರಿಂದ ಏನೂ ಕಮ್ಮಿಯಾಗುವುದಿಲ್ಲ, ದೊಡ್ಡದು ಮಾಡಿದವರು ಅವರೇ. ಆದರೆ ಬೆಂಗಳೂರಿನ ಆ ಮಾರಾಟಗಾರನ ಹೆಸರು ನಮ್ಮ ಮಕ್ಕಳ ಸಾಹಿತ್ಯದ ಚರಿತ್ರೆಯಲ್ಲಿ ಎಷ್ಟು ಕಡೆ ಬರುತ್ತದೆ ಎಂದು ಹುಡುಕಿ ನೋಡಿ, ತಿಳಿಯುತ್ತದೆ.

ನಮ್ಮ ಟ್ರಂಕುಗಳಲ್ಲಿ ಆ ಹತ್ತರಲ್ಲಿ ಒಂದೂ ಇರಲಿಲ್ಲ. ಎರಡು ಸಲ ಹುಡುಕಿದೆ. ಕಾಕಾ ಕೊಳ್ಳಲು ಶುರುಮಾಡಿದ್ದೇ 1969ರಲ್ಲಿ, ಅದೂ ನಿಪ್ಪಾಣಿಯಲ್ಲಿ. ಹಾಗೆಂದು ಹೇಳಿದಾಗ ಸಂಗ್ರಾಹಕರ ಉತ್ಸಾಹ ಅರ್ಧಕ್ಕಿಳಿದದ್ದು ಫೋನಿನಲ್ಲೇ ಕೇಳಿಸಿತು.

ಇನ್ನು ಇದ್ದವುಗಳ ವಯಸ್ಸು ತಿಳಿಯಬೇಕು. ಅಮರ ಚಿತ್ರ ಕಥೆಯನ್ನು ಮತ್ತೆ ಮತ್ತೆ ಮುದ್ರಿಸಿದ್ದಾರೆ. ಹಳೆಯದೇ ಹೊದಿಕೆ, ಹಳೆಯದೇ ಚಿತ್ರ, ಆದರೆ ಮುದ್ರಣ ಹತ್ತು ವರ್ಷ ಈಚಿನದು. ಮೊದಲ ಮುದ್ರಣವೆಂದು ಹೇಳಿ ಮಾರುವವರು ಇದ್ದಾರೆ, ಕೆಲವರು ತಿಳಿಯದೆ, ಕೆಲವರು ತಿಳಿದೂ. ನನ್ನ ಮೂವತ್ತು ವರ್ಷದ ಪಾಠ ಕಡೆಗೂ ಇಲ್ಲಿ ಉಪಯೋಗಕ್ಕೆ ಬಂತು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಪಿನ್ ಕೋಡ್ ಜಾರಿಗೆ ಬಂದದ್ದೇ ಆ ದಿನ. ಬಾಂಬೆ ಹೋಗಿ ಮುಂಬಯಿ ಆಗಿದ್ದರೆ 1995ರ ಆಚೆಗೆ. ಹಿಂಬದಿಯಲ್ಲಿ 'ಈ ಸರಣಿಯ ಇತರ ಪುಸ್ತಕಗಳು' ಎಂಬ ಪಟ್ಟಿ ಎಲ್ಲಿಗೆ ನಿಲ್ಲುತ್ತದೆ ನೋಡಿದರೆ ಇನ್ನೂ ಹತ್ತಿರ ಹೋಗಬಹುದು. ಅಚ್ಚಾದ ಬೆಲೆ ಇನ್ನೊಂದು ಸಾಕ್ಷಿ. ಇದೆಲ್ಲಕ್ಕಿಂತ ಮೇಲೆ ಕಾಕಾನ ಕಿರ್ದಿ ಇತ್ತು. 'ಕೊಂಡ ದಿನ' ಬರೆದಿಟ್ಟ ಮೇಲೆ ಮುದ್ರಣ ಅದಕ್ಕಿಂತ ಈಚಿನದಾಗಲು ಹೇಗೆ ಸಾಧ್ಯ? ನನ್ನ ಅಳತೆಗಳನ್ನೆಲ್ಲ ಕಿರ್ದಿಯ ಎದುರಿಗಿಟ್ಟು ನೋಡಿದೆ. ಒಂದೂ ತಪ್ಪಲಿಲ್ಲ. ದಿವಾಣಜಿಯ ಲೆಕ್ಕ.

ಕಿರ್ದಿ ಓದುತ್ತ ಹೋದಂತೆ ನಾನು ಮಾರಾಟ ಮರೆತೆ. ಕೊಂಡ ಜಾಗಗಳ ಹೆಸರೇ ನಮ್ಮ ಸೀಮೆಯ ಒಂದು ನಕ್ಷೆ. 'ಮಿರಜ ಸ್ಟೇಶನ್', ಮೀಟರ್ ಗೇಜ್ ಗಾಡಿಯ ಕಾಲದ್ದು. 'ಚಿಂಚಲಿ ಜಾತ್ರಿ', ರಾಯಬಾಗ ತಾಲೂಕಿನ ಮಾಯಕ್ಕನ ಜಾತ್ರೆಯಲ್ಲಿ ಬೆಂಡುಬೆತ್ತಾಸಿನ ಸಾಲಿನ ಕೊನೆಗೆ ತಾಡಪತ್ರಿ ಹಾಸಿ ಹಳೆಯ ಪುಸ್ತಕ ಮಾರುತ್ತಿದ್ದರು, ನಾನೂ ನೋಡಿದ್ದೇನೆ. 'ಕೊಲ್ಹಾಪುರ', 'ಚಿಕ್ಕೋಡಿ ಸಂತಿ'. 1988ರಲ್ಲಿ ಒಂದೇ ದಿನ 90 ಪುಸ್ತಕ, 110 ರೂಪಾಯಿ, ಜಾಗ 'ಅಥಣಿ'. ಅದು ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿ ಮುಚ್ಚಿದಾಗ ಸಗಟಾಗಿ ಎತ್ತಿದ್ದು. 1987ರ ಜನವರಿಯಲ್ಲಿ ಟಿವಿಯಲ್ಲಿ ರಾಮಾಯಣ ಶುರುವಾದ ಮೇಲೆ ನಾಕಾಣೆ ಕೊಟ್ಟು ರಾಮಾಯಣ ಓದುವವರು ಯಾರು? ಆ 90 ಪುಸ್ತಕಗಳ ಮೇಲೂ ಅಂಗಡಿಯ ನೀಲಿ ಠಸ್ಸೆ ಇದೆ. ಹಳೆಯವುಗಳ ಠಸ್ಸೆಯಲ್ಲಿ 'ಜಿ. ಬೆಳಗಾಂವ, ಮೈಸೂರು ರಾಜ್ಯ' ಎಂದಿದೆ, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗುವ ಮೊದಲಿನದು. ಠಸ್ಸೆ ಇದ್ದರೆ ಸಂಗ್ರಾಹಕ ಬೆಲೆ ಇಳಿಸುತ್ತಾನೆ, ಅವನ ಲೆಕ್ಕದಲ್ಲಿ ಅದು ಗಾಯ. ನನಗೋ ಆ 90ರಲ್ಲೇ ಜೀವ.

1981ರ ಮಾರ್ಚ್ ನಡುವಿನಿಂದ ಕಿರ್ದಿಯಲ್ಲಿ ಎರಡು ತಿಂಗಳು ಒಂದೂ ಸಾಲಿಲ್ಲ. ಆ ವರ್ಷ ತಂಬಾಕಿಗೆ ಬೆಲೆ ಕೇಳಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ನಿಪ್ಪಾಣಿಯ ಹೆದ್ದಾರಿಯ ಮೇಲೆ ಬಂದು ಕೂತಿದ್ದರು. ಏಪ್ರಿಲ್ 6ರಂದು ಗೋಲಿಬಾರ್ ಆಗಿ ರೈತರು ಸತ್ತರು. ವಖಾರಿಯ ದಿವಾಣಜಿಯೊಬ್ಬ ಆಗ ಯಾವ ಕಡೆ ನಿಂತಿದ್ದ, ಮನಸ್ಸಿನಲ್ಲಿ ಏನಿತ್ತು, ಕಿರ್ದಿ ಹೇಳುವುದಿಲ್ಲ. ರಾಯಬಾಗದ ಕಡೆಯ ಒಕ್ಕಲು ಮನೆಯ ಹುಡುಗ, ಕೊಳ್ಳುವವರ ಸಂಬಳಗಾರ. ಕಾಕುವನ್ನು ಕೇಳಿದೆ. "ಆವಾಗ ಮನಿಯಾಗ ಯಾರೂ ಮಾತಾಡ್ತಿದ್ದಿಲ್ಲ" ಅಂದಳು, ಅಷ್ಟೇ.

ಕಿರ್ದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. 1980ರಿಂದ ಆಚೆಗೆ ಒಂದೇ ಹೆಸರು ಎರಡೆರಡು ಸಾಲಿನಲ್ಲಿ ಬರತೊಡಗುತ್ತದೆ. ಒಂದೇ ತಾರೀಖು, ಒಂದೇ ಜಾಗ. ಒಂದರ ಮುಂದೆ 'ಕ', ಇನ್ನೊಂದರ ಮುಂದೆ 'ಮ'. 'ಕೃಷ್ಣ' ಎರಡು, 'ಹನುಮಾನ' ಎರಡು. ಚಂದಮಾಮ ಮತ್ತು ಅದೇ ತಿಂಗಳ ಚಾಂದೋಬಾ. ಎಣಿಸಿದೆ, 58 ಜೋಡಿ.

ಕಾರಣ ಹೇಳಲು ಕಾಕು ಬೇಕಾಗಿರಲಿಲ್ಲ, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮಗಳನ್ನು ಕನ್ನಡ ಶಾಲೆಗೆ ಹಾಕಿದ್ದ, ಅವನು ಕಲಿತದ್ದು ಕನ್ನಡ. ಮೂರು ವರ್ಷ ಚಿಕ್ಕ ಮಗನನ್ನು ಮರಾಠಿ ಶಾಲೆಗೆ ಹಾಕಿದ್ದರು, ಅದು ಮನೆಗೆ ಹತ್ತಿರ, ಓಣಿಯ ಹುಡುಗರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಕಾಕು ಇಚಲಕರಂಜಿ ಕಡೆಯವಳು, ಅವಳ ಓದು ಮರಾಠಿ. ದೂರದ ಊರಿನವರಿಗೆ ಇದು ವಿಚಿತ್ರ ಅನ್ನಿಸಬಹುದು. 1956ರಲ್ಲಿ ಮುಂಬಯಿ ರಾಜ್ಯದಿಂದ ಬೆಳಗಾವಿ ಜಿಲ್ಲೆ ಚಂದಗಡ ಬಿಟ್ಟು ಮೈಸೂರಿಗೆ ಬಂತು. 1967ರಲ್ಲಿ ಮಹಾಜನ ಆಯೋಗ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು, ಹಾಗೇನೂ ಆಗಲಿಲ್ಲ. ರಾಯಬಾಗವಂತೂ ಕೊಲ್ಹಾಪುರ ಸಂಸ್ಥಾನದಲ್ಲಿದ್ದದ್ದು. ಇಂಥ ಕಡೆ ಒಂದೇ ಒಲೆಯ ಮುಂದೆ ಎರಡು ಲಿಪಿ ಕೂತು ಉಣ್ಣುವುದು ಸುದ್ದಿಯೇ ಅಲ್ಲ. ಶೇಡಬಾಳದ ಮಿರ್ಜಿ ಅಣ್ಣಾರಾಯರ ಕಾದಂಬರಿಗಳನ್ನು ಓದಿದವರಿಗೆ ಈ ಸೀಮೆಯ ಮಾತಿನ ಹದ ಗೊತ್ತು.

ಚಂದಮಾಮದ ಗುಟ್ಟು ಏನೆಂದರೆ ಎಲ್ಲ ಭಾಷೆಗೂ ಚಿತ್ರ ಒಂದೇ. ನಾಗಿರೆಡ್ಡಿ, ಚಕ್ರಪಾಣಿಯವರು ಮದರಾಸಿನಲ್ಲಿ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುಮಾಡಿದ ಪತ್ರಿಕೆ ಬೇಗನೆ ಕನ್ನಡಕ್ಕೂ, 1952ರಲ್ಲಿ ಮರಾಠಿಗೂ ಬಂತು. ಶಂಕರ್ ಬರೆದ ವಿಕ್ರಮ ಹೆಗಲ ಮೇಲೆ ಹೆಣ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ಚಿತ್ರ ಎರಡರಲ್ಲೂ ಅದೇ. ರಾತ್ರಿ ಕಾಕು ಚಾಂದೋಬಾ ಹಿಡಿದು ಗಟ್ಟಿಯಾಗಿ ಓದುವಳು, ಮಗಳು ಅದೇ ಪುಟ ಚಂದಮಾಮದಲ್ಲಿ ತೆರೆದಿಟ್ಟುಕೊಂಡು ಬೆರಳಾಡಿಸುವಳು, ಮಗ ಎರಡರ ನಡುವೆ ಇಣುಕುವನು. ರಜೆಗೆ ಹೋದಾಗ ಕಾಲೇಜು ಹುಡುಗನಾಗಿದ್ದ ನಾನೂ ಗೋಡೆಗೆ ಒರಗಿ ಕೇಳಿದ್ದೇನೆ. ತಮ್ಮನಿಗೆ ಆಗ ಒಂದು ದೊಡ್ಡ ಗೊಂದಲವಿತ್ತು. ಚಾಂದೋಬಾದಲ್ಲಿ ಮರದಿಂದ ನೇತಾಡುವವನೂ ವೇತಾಳ, ಇಂದ್ರಜಾಲ ಕಾಮಿಕ್ಸಿನಲ್ಲಿ ಬಿಗಿ ಉಡುಪು ತೊಟ್ಟು ಕುದುರೆ ಏರಿದವನೂ ವೇತಾಳ. ಅಮೆರಿಕದ ಫ್ಯಾಂಟಮ್‌ಗೆ ಮರಾಠಿ, ಹಿಂದಿಯಲ್ಲಿ ಇಟ್ಟ ಹೆಸರು ಅದೇ. ಹೆಣದೊಳಗಿನ ಬೇತಾಳ ಯಾವಾಗ ಉಡುಪು ಹಾಕಿಕೊಂಡ ಎಂದು ಕೇಳಿ ಅಕ್ಕನಿಂದ ಬೈಸಿಕೊಂಡಿದ್ದ.

ಇಂದ್ರಜಾಲದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚಿನಲ್ಲಿ ಇದನ್ನು ಶುರುಮಾಡಿತು, ಅನಂತ ಪೈ ಆಗ ಅಲ್ಲಿದ್ದರು. ಫ್ಯಾಂಟಮ್ ಇರುವ ಕಾಡಿನ ನಾಡು ಮೂಲದಲ್ಲಿ ನಮ್ಮ ಬಂಗಾಳದ ಹೆಸರಿಗೆ ಹತ್ತಿರವಿದ್ದುದರಿಂದ ಇಲ್ಲಿ ಡೆಂಕಾಲಿ ಎಂದು ಬದಲಿಸಿದರು. ಕಡಲ್ಗಳ್ಳರಾದ 'ಸಿಂಗ್'ರು 'ಸಿಂಗಾ' ಆದರು. 1976ರಲ್ಲಿ ಆಬಿದ್ ಸುರತಿಯವರ ಬಹಾದೂರ್ ಕುರ್ತಾ, ಜೀನ್ಸ್ ತೊಟ್ಟು ಬಂದ. 1990ರಲ್ಲಿ ಪತ್ರಿಕೆ ನಿಂತಿತು. ಕಾಕಾನ ಕಿರ್ದಿ ನಿಲ್ಲುವುದೂ ಅದರ ಮರುವರ್ಷ. ಕನ್ನಡದ ಇಂದ್ರಜಾಲ ನಮ್ಮ ಟ್ರಂಕಿನಲ್ಲಿ 17 ಇದ್ದವು, ಬೆಂಗಳೂರಿನವರ ದನಿ ಮತ್ತೆ ಏರಿದ್ದು ಅದಕ್ಕೇ.

ಹೀಗೆ ಡಿಸೆಂಬರ್ ಕೊನೆಗೆ ನಮ್ಮ ಮುಂದಿದ್ದ ಲೆಕ್ಕ ಇದು. ರದ್ದಿಯವನು ತೂಕ ಮಾಡಿದ: 52 ಕಿಲೋ, ಕಿಲೋಗೆ 14 ರೂಪಾಯಿಯಂತೆ 728. ಅವನಿಗೆ ಚಹಾ ಕೊಟ್ಟು ಕಳಿಸಿದೆವು. ಕೊಲ್ಹಾಪುರದ ವ್ಯಾಪಾರಿ ಎಲ್ಲವನ್ನೂ ಒಟ್ಟಿಗೆ 45,000ಕ್ಕೆ ಎತ್ತಲು ಸಿದ್ಧನಿದ್ದ, ಮರಾಠಿ ಮಾತ್ರವಾದರೆ 24,000. ಬೆಂಗಳೂರಿನವರು ಕನ್ನಡದ 241ಕ್ಕೆ 38,000 ಹೇಳಿದರು. ಇಂಗ್ಲಿಷ್, ಹಿಂದಿಗೆ ಪುಣೆಯಲ್ಲಿ 6,000. ಭಾಷೆಯ ಮೇಲೆ ಪಾಲು ಮಾಡಿ ಮಾರಿದರೆ 68,000 ಆಗುತ್ತಿತ್ತು. ಬಿಡಿ ಬಿಡಿಯಾಗಿ ಅಂತರ್ಜಾಲದಲ್ಲಿ ಮಾರಿದರೆ ಲಕ್ಷ ದಾಟಬಹುದು ಎಂದು ತಮ್ಮ ವಾದಿಸಿದ. ಅದನ್ನು ನಾನು ಒಪ್ಪುತ್ತೇನೆ, ಆದರೆ ಅದು ಎರಡು ವರ್ಷದ ಕೆಲಸ. ಫೋಟೋ ತೆಗೆಯಬೇಕು, ಕಲೆ ಎಲ್ಲಿದೆ, ಪಿನ್ನು ಎಷ್ಟು ತುಕ್ಕು ಹಿಡಿದಿದೆ ಎಂದು ಪ್ರತಿಯೊಬ್ಬರಿಗೂ ಬರೆಯಬೇಕು, ಕಟ್ಟಿ ಕಳಿಸಬೇಕು. ಪುಸ್ತಕಗಳಿಗಿದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲೇ ನಿಂತುಹೋಗಿದೆ. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಟಪಾಲು ಖರ್ಚು ಎಷ್ಟು? ಅಲ್ಲಿಯ ತನಕ ಎರಡು ಮಳೆಗಾಲ ಬಂದು ಹೋಗುತ್ತವೆ, ಮಾಡು ಕಾಯುವುದಿಲ್ಲ. ಅಲ್ಲದೆ ಬಿಡಿ ಮಾರಾಟದಲ್ಲಿ ಒಳ್ಳೆಯವು ಮೊದಲು ಹೋಗುತ್ತವೆ, ಉಳಿದ ನಾನೂರನ್ನು ಮತ್ತೆ ಅದೇ ರದ್ದಿಯವನೇ ಕೇಳಬೇಕು. ಸ್ಕ್ಯಾನ್ ಮಾಡಿ ಪಿಡಿಎಫ್ ಮಾರೋಣವೇ ಎಂದೂ ತಮ್ಮ ಕೇಳಿದ. ಪುಸ್ತಕ ನಮ್ಮದು, ಅದರ ಪ್ರತಿ ತೆಗೆದು ಮಾರುವ ಹಕ್ಕು ನಮ್ಮದಲ್ಲ ಎಂದೆ.

ನನ್ನ ಆಸೆ ಗ್ರಂಥಾಲಯದ್ದಾಗಿತ್ತು. ಒಂದು ಕಡೆ ಹೋಗಿ ಕೇಳಿದೆ. "ಮಕ್ಕಳ ವಿಭಾಗಕ್ಕೆ ದಾನ ಕೊಡ್ರಿ ಸರ, ಖರೀದಿ ಆಗೂದಿಲ್ಲ. ಮರಾಠಿ ಬ್ಯಾಡ್ರಿ" ಅಂದರು. ಕಿರ್ದಿ ತೋರಿಸಿದೆ. ಮುಟ್ಟಿಯೂ ನೋಡಲಿಲ್ಲ.

ಕಿರ್ದಿಯ ಮೇಲೆ ಕಣ್ಣಿಟ್ಟವರು ಬೆಂಗಳೂರಿನವರು ಮಾತ್ರ. ಅದನ್ನೂ ಸೇರಿಸಿ ಕೊಟ್ಟರೆ 5,000 ಹೆಚ್ಚು ಎಂದರು. ಎಡ್ಗರ್ ಚರ್ಚನ ಪ್ರತಿಗಳಿಗೆ ಹೆಚ್ಚು ಬೆಲೆ ಯಾಕೆ ಬಂತೋ ಅದೇ ತರ್ಕ: ಯಾರ ಮನೆಯಿಂದ, ಹೇಗೆ ಬಂತು ಎಂಬುದಕ್ಕೂ ದರವಿದೆ. ಜೋಡಿಗಳ ಬಗ್ಗೆ ನಾನು ಹೇಳಿದಾಗ ಸೌಜನ್ಯದಿಂದಲೇ ಉತ್ತರಿಸಿದರು. "ನಾನು ಕನ್ನಡ ಮಾತ್ರ ಸಂಗ್ರಹಿಸೋದು ಸಾರ್. ಮರಾಠಿ ತಗೊಂಡು ಏನು ಮಾಡಲಿ?" ಕೊಲ್ಹಾಪುರದವನೂ ತಿರುಗಿಸಿ ಅದನ್ನೇ ಹೇಳಿದ್ದ. ಇಬ್ಬರ ತಪ್ಪೂ ಇಲ್ಲ. ಪೇಟೆಯಲ್ಲಿ ಕನ್ನಡ ಚಂದಮಾಮಕ್ಕೆ ಒಂದು ಬೆಲೆ, ಚಾಂದೋಬಾಕ್ಕೆ ಒಂದು ಬೆಲೆ, ಎರಡೂ ಒಟ್ಟಿಗಿದ್ದರೆ ಅದಕ್ಕೆ ಬೇರೆ ಬೆಲೆಯೇ ಇಲ್ಲ. ಆದರೆ ಆ ಟ್ರಂಕಿನಲ್ಲಿ ಬೇರೆಲ್ಲೂ ಸಿಗದ ವಸ್ತು ಅಂತಿದ್ದರೆ ಅದೊಂದೇ ಎಂದು ನನಗೆ ಅನ್ನಿಸತೊಡಗಿತ್ತು. ಬಿಡಿ ಚಂದಮಾಮ ಇನ್ನೊಂದು ಮನೆಯಲ್ಲಿ ಸಿಕ್ಕೀತು, ಹಳೆಯ ಸಂಚಿಕೆಗಳ ಸ್ಕ್ಯಾನ್ ಅಂತರ್ಜಾಲದಲ್ಲೇ ಇವೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಸಂಬಳದಿಂದ ಎರಡು ಮಕ್ಕಳಿಗೆ ಎರಡು ಭಾಷೆಯಲ್ಲಿ ಕೊಂಡು, ಅದಕ್ಕೆ ಲೆಕ್ಕ ಬರೆದಿಟ್ಟ 58 ಜೋಡಿ ಎಲ್ಲಿ ಸಿಗುತ್ತವೆ?

ಸಂಕ್ರಾಂತಿಗೆ ಎಲ್ಲರೂ ನಿಪ್ಪಾಣಿಯಲ್ಲಿ ಸೇರಿದರು. ನಾನು ನನ್ನ ವಾದ ಮಂಡಿಸಿದೆ: ಜೋಡಿ ಒಡೆಯುವುದು ಬೇಡ, ಉಳಿದ 496ನ್ನು ಭಾಷೆಯ ಮೇಲೆ ಹಂಚಿ ಮಾರೋಣ. ತಮ್ಮ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಚೊಕ್ಕ ಪ್ರತಿಗಳು ಹೆಚ್ಚಾಗಿ ಜೋಡಿಯಲ್ಲೇ ಇದ್ದುದರಿಂದ ಬೆಂಗಳೂರಿನವರು 183ಕ್ಕೆ 26,000ಕ್ಕೆ ಇಳಿದಿದ್ದರು, ಕೊಲ್ಹಾಪುರದವನು 240ಕ್ಕೆ 19,000. ಪುಣೆಯ 6,000 ಸೇರಿ 51,000. "ಅಂದ್ರ ಹದಿನೇಳು ಸಾವಿರ ಕಮ್ಮಿ. ಅದೂ ನಿನ್ನ ಇತಿಹಾಸದ ಸಲುವಾಗಿ" ಅಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಸೋರುವ ಮಾಡಿನ ಕೆಳಗೆ ಮಲಗುವವನು ನಾನಲ್ಲ.

ಆಗ ಮಗಳು ಒಂದು ಮಾತು ತೆಗೆದಳು. ಅವಳಿಗೆ ಪರಿಚಯದ ಒಬ್ಬ ಶಿಕ್ಷಕಿ ಅಥಣಿ ತಾಲೂಕಿನ ಗಡಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿದ್ದಾರೆ. ಅಲ್ಲಿಯ ಅರ್ಧ ಮಕ್ಕಳ ಮನೆಮಾತು ಮರಾಠಿ. ಜೋಡಿ ಪುಸ್ತಕದ ಸುದ್ದಿ ಕೇಳಿ, ತಮ್ಮ ಕೈಯಿಂದ 9,000 ಕೊಡುತ್ತೇನೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದಿದ್ದಾರಂತೆ. ಮಕ್ಕಳ ಮುಂದೆ ಎರಡನ್ನೂ ತೆರೆದಿಟ್ಟು ಓದಿಸುತ್ತಾರಂತೆ.

ನಾನು ಬೇಡವೆಂದೆ. ಬೇಡವೆಂದವನು ನಾನೇ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಲವತ್ತು ವರ್ಷದ ಕಾಗದ, ತುಕ್ಕು ಪಿನ್ನು, ನಲವತ್ತು ಮಕ್ಕಳ ಕೈ. ಒಂದು ವರ್ಷದಲ್ಲಿ ಚಿಂದಿಯಾಗುತ್ತವೆ. ಸಂಗ್ರಾಹಕರ ಬಳಿ ಪ್ಲಾಸ್ಟಿಕ್ ಚೀಲದಲ್ಲಾದರೂ ಉಳಿಯುತ್ತಿದ್ದವು, ಒಡೆದು ಉಳಿಯುತ್ತಿದ್ದವು. ಒಂದಾಗಿ ಹರಿಯಬೇಕೋ, ಬೇರೆಯಾಗಿ ಬಾಳಬೇಕೋ? ಗಟ್ಟಿಯಾದ ಉತ್ತರ ನನ್ನ ಬಳಿ ಇರಲಿಲ್ಲ, ಈಗಲೂ ಇಲ್ಲ.

ಕಾಕು ಅಷ್ಟು ಹೊತ್ತೂ ಎಳ್ಳುಬೆಲ್ಲದ ತಾಟು ಹಿಡಿದು ಕೂತಿದ್ದಳು. "ಅವು ಓದಾಕ ತಂದಾವು. ಅವರು ಇದ್ದಾಗ ಹರದ್ರ ಅಂಟು ಹಚ್ಚತಿದ್ರು, ಬಯ್ಯತಿದ್ದಿಲ್ಲ" ಅಂದಳು. ಆಮೇಲೆ ಮಗನ ಕಡೆ ತಿರುಗಿ, "ಅರವತ್ತು ಸಾವಿರದಾಗ ಹಿಂದಿನ ಪಡಸಾಲಿ ಆಗತೈತಿ. ಮುಂದಿಂದು ಮುಂದಿನ ವರ್ಷ ನೋಡೂನು" ಅಂದಳು. ತಮ್ಮ ಸುಮ್ಮನಾದ. ಪೂರ್ತಿ ಒಪ್ಪಿರಲಿಲ್ಲ, ಊಟದ ಹೊತ್ತಿಗೂ ಮುಖ ಬಿಗಿದೇ ಇತ್ತು.

ಕಿರ್ದಿ ಮಾರಲಿಲ್ಲ. ಅದರ ಝೆರಾಕ್ಸ್ ಪ್ರತಿಯೊಂದನ್ನು ಬೆಂಗಳೂರಿನವರಿಗೂ, ಒಂದನ್ನು ಶಿಕ್ಷಕಿಗೂ ಕೊಟ್ಟೆವು. ಜೋಡಿಗಳನ್ನು ಕಟ್ಟುವ ಮೊದಲು ನಾನು ನನ್ನ ಟಿಪ್ಪಣಿಗೆ ಹೊದಿಕೆ, ವಿಳಾಸ, ಬೆಲೆ, ಠಸ್ಸೆ ಎಲ್ಲದರ ಫೋಟೋ ತೆಗೆದುಕೊಂಡೆ. ಅಂಟಿಸಲು ಸೆಲೋಟೇಪ್ ಮಾತ್ರ ಬಳಸಬೇಡಿ, ಅದು ಕಾಗದ ತಿನ್ನುತ್ತದೆ, ಗಂಜಿ ಅಂಟು ಹಚ್ಚಿ ಎಂದು ಶಿಕ್ಷಕಿಗೆ ಒಂದು ಚೀಟಿ ಬರೆದಿಟ್ಟೆ. ಚೀಟಿ ಓದಿ ಅವರು ನಕ್ಕರು.

ಎಲ್ಲ ಹೋದ ದಿನ ಕಿರ್ದಿಯ ಖಾಲಿ ಹಾಳೆಯ ಮೇಲೆ, 1991ರ ಕಡೆಯ ಸಾಲಿನ ಕೆಳಗೆ, ಕಾಕಾನ ಪದ್ಧತಿಯಲ್ಲೇ ನಾನು ಬರೆದೆ: ತಾರೀಖು, ಯಾರಿಗೆ, ಎಷ್ಟು ಪುಸ್ತಕ, 'ಕ', 'ಮ', ಎಷ್ಟು ಹಣ. ಪಕ್ಕದಲ್ಲಿ ಅವನು ಇಪ್ಪತ್ತೆರಡು ವರ್ಷದಲ್ಲಿ ಮಾಡಿದ ಖರ್ಚು ಕೂಡಿಸಿ ಹಾಕಿದೆ, ರೂ. 1,397-40. ಕಾಕು ಚಸ್ಮಾ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿ ಬೆರಳೆಣಿಸಿ ಕೂಡಿಸಿದಳು. ಅರ್ಧ ತಾಸು ಹಿಡಿಯಿತು.

"ಹತ್ತು ರೂಪಾಯಿ ಹೆಚ್ಚ ಬರದಿ" ಅಂದಳು. ಹೊಡೆದು ಹಾಕಿ 1,387-40 ಎಂದು ತಿದ್ದಿದೆ.